ಬೆಂಕಿಗುಡ್ಡೆ ಇಪ್ಪ ಊರಿಂಗೆ ಹೋಪಗ

ಬೂದಿ ಹೇಳಿರೆ ನಮ್ಮ ಹೆಮ್ಮಕ್ಕೊಗೆ ಹೊಸತೆಂತ ಅಲ್ಲ. ಬೆಶಿನೀರ ಒಲೆಯ ಬೂದಿಲಿ ಪಾತ್ರ ತಿಕ್ಕಿದ್ದು, ಬಸಳೆ ಬುಡಕ್ಕೆ ಹಾಕಿದ್ದು ಎಲ್ಲ ನಾವೇ. ಹಾಂಗಾಗಿ ಟೀವಿಲಿ ಜ್ವಾಲಾಮುಖಿಯ ಬೂದಿ ಹೇಳುವಗ ಅದೂ ಅಂಥದ್ದೇ ಹೇಳಿ ಗ್ರೇಶುತ್ತು. ಅಲ್ಲ. ಒಲೆಯ ಬೂದಿ ಸೌದಿ ಹೊತ್ತಿ ಒಳುದ್ದು. ಬೆಂಕಿಗುಡ್ಡೆಯ ಬೂದಿಲಿ ಹೊತ್ತಿದ್ದು ಎಂತದೂ ಇಲ್ಲೆ, ಅದು ಬರೀ ಕಲ್ಲಿನ, ಗಾಜಿನ ಹೊಡಿ. ಗಾಜಿನ ಬಳೆಯ ಕಡವ ಕಲ್ಲಿಲಿ ನೊಂಪು ಕಡದು ಗಾಳಿಗೆ ಹಾರ್ಸಿದರೆ ಹೇಂಗಕ್ಕು? ಹಾಂಗೆ.

ಈಗ ಈ ಶುದ್ದಿ ಎಂತಕೆ ಹೇಳಿರೆ, ಎನ್ನ ತಂಗೆಯ ಮಗಳು ಮದುವೆ ಆಗಿ ಬೆಳ್ತಂಗಡಿ ಹೊಡೆಂಗೆ ಹೋದ್ದು, ಗೆಂಡನೊಟ್ಟಿಂಗೆ ಬಾಲಿಗೆ ಹೋಪಲೆ ಟಿಕೇಟು ಮಾಡಿದ್ದು. ಈಗಾಣ ಮಕ್ಕೊ ಎಲ್ಲೋರೂ ಅಲ್ಲಿಗೇ ಹೋಪದು. ಅಲ್ಲಿ ಬತೂರ್ ಹೇಳ್ತ ಬೆಂಕಿಗುಡ್ಡೆಯ ಇರುಳೇ ಹತ್ತಿ, ಮೇಲಂದ ಸೂರ್ಯೋದಯ ನೋಡುವ ಕ್ರಮ ಇದ್ದಡ. ನಮ್ಮ ಗಡಾಯಿಕಲ್ಲು ಸುಮಾರು 1700 ಅಡಿ, ಅದು 1717 ಮೀಟರು. ಹತ್ತಲಿ, ಕಾಲು ಗಟ್ಟಿ ಇದ್ದು. ಆದರೆ ಈ ಕೂಸಿಂಗೆ ಸಣ್ಣ ಇಪ್ಪಗಳೇ ದಮ್ಮು. ಅಡಕ್ಕೆ ಸೊಲಿವಲ್ಲಿ ಕೂದರೆ ಆ ಧೂಳಿಂಗೇ ಇರುಳಿಡೀ ಒರಗದ್ದೆ ಕೂದ ಕೂಸು ಅದು. ಬೆಂಕಿಗುಡ್ಡೆಯ ಹತ್ತರೆ ಧೂಳು ಮಾಂತ್ರ ಅಲ್ಲ, ಗಂಧಕದ ಹೊಗೆಯೂ ಇರ್ತು.

“ಎಲ್ಲೋರೂ ಹೋವುತ್ತವು ದೊಡ್ಡಮ್ಮ, ಟೂರಿನವೇ ಕರಕ್ಕೊಂಡು ಹೋಪದು” ಹೇಳಿತ್ತು.

ಆನು ನ್ಯೂಜಿಲೆಂಡಿನ ಶುದ್ದಿ ಹೇಳಿದೆ. ಅಲ್ಲಿ ವಕಾರಿ ಹೇಳ್ತ ದ್ವೀಪವೇ ಒಂದು ಬೆಂಕಿಗುಡ್ಡೆ. 2019 ದಶಂಬರ 9ಕ್ಕೆ ಅದು ಒಡವಗ ಮೇಲೆ 47 ಜೆನ ಇತ್ತಿದ್ದವು, 22 ಜೆನ ತೀರಿಗೊಂಡವು. ಗುಡ್ಡೆ ಸರಿ ಇಲ್ಲೆ ಹೇಳಿ ಎಚ್ಚರಿಕೆಯ ಮಟ್ಟವ ಮೂರು ವಾರ ಮದಲೇ ಏರ್ಸಿತ್ತಿದ್ದವು. ಟೂರು ಮಾಂತ್ರ ನಿಂದಿದಿಲ್ಲೆ. ಕರಕ್ಕೊಂಡು ಹೋಪೋರು ಇದ್ದವು ಹೇಳಿರೆ ಗುಡ್ಡೆ ಸುಮ್ಮನೆ ಇದ್ದು ಹೇಳಿ ಅರ್ಥ ಅಲ್ಲ.

ಇಂಡೋನೇಶ್ಯಾಲ್ಲಿ ಎಚ್ಚರಿಕೆಗೆ ನಾಲ್ಕು ಮಟ್ಟ. ಒಂದು ಸಾಮಾನ್ಯ, ನಾಲ್ಕನೆದು ‘ಆವಾಸ್’, ಹೇಳಿರೆ ಅಪಾಯ. ಅಲ್ಲಿಯಾಣ ಸರ್ಕಾರದ ‘ಮ್ಯಾಗ್ಮಾ ಇಂಡೋನೇಶ್ಯಾ’ಲ್ಲಿ ಪ್ರತಿ ಗುಡ್ಡೆಯ ಮಟ್ಟ ಕಾಣ್ತು. ಮಟ್ಟ ಏರಿಯಪ್ಪಗ ಗುಡ್ಡೆಯ ಸುತ್ತ ಇಷ್ಟು ಕಿಲೋಮೀಟರು ಹೇಳಿ ಒಂದು ವೃತ್ತ ಹಾಕುತ್ತವು. ಅದರೊಳಂಗೆ ಫೋಟೋಕ್ಕೆ ಹೇಳಿಯೂ ಕಾಲು ಮಡುಗುಲಾಗ.

2017ರ ನವೆಂಬರಿಲ್ಲಿ ಬಾಲಿಯ ಅಗುಂಗ್ ಬೆಂಕಿಗುಡ್ಡೆ ಎದ್ದತ್ತು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರು, ಮಂಗಳೂರಿಂದ ಬೆಳ್ತಂಗಡಿಗೆ ಇಪ್ಪಷ್ಟು. ಆದರೂ 27ರಿಂದ 29ರ ವರೆಗೆ ನಿಲ್ದಾಣ ಬಂದ್. ನಮ್ಮ ದೇಶದವೂ ಅಲ್ಲಿ ಸಿಕ್ಕಿಬಿದ್ದವು. ಆಗ ವಿದೇಶಾಂಗ ಮಂತ್ರಿ ಆಗಿದ್ದ ಸುಷ್ಮಾ ಸ್ವರಾಜ್, ಜಕಾರ್ತದ ರಾಯಭಾರಿಯೂ ಬಾಲಿಯ ಕಾನ್ಸುಲೇಟಿನವೂ ನೋಡಿಗೊಳ್ತಾ ಇದ್ದವು, ಹೆದರೆಡಿ ಹೇಳಿ ಟ್ವಿಟರಿಲ್ಲಿ ಬರದವು. ಅಂಬಗ ಬಾಲಿಲೇ ನಮ್ಮ ಕಾನ್ಸುಲೇಟು ಇದ್ದು ಹೇಳ್ತದು ಗೊಂತಿರೆಕು. ಆ ನಂಬ್ರ ಮಕ್ಕಳ ಫೋನಿಲ್ಲಿ ಇದ್ದರೆ ಸಾಲ, ಫೋನು ಸತ್ತರೆ ನಂಬ್ರವೂ ಸತ್ತ ಹಾಂಗೆ. ಒಂದು ಕಾಗದಲ್ಲಿ ಬರದು ಅವರ ಹತ್ತರೆಯೂ ಇರಲಿ, ಇಲ್ಲಿ ನಮ್ಮ ಹತ್ತರೆಯೂ ಇರಲಿ.

ಮೂಡಬಿದ್ರೆಯ ಅತ್ತಿಗೆ ಹೋದ ವರ್ಷ ಕೇಳಿದವು, “ಬೂದಿಗೆ ವಿಮಾನ ಎಂತಕೆ ನಿಂಬದು?” ಅವರ ಮಗ ಅಬುಧಾಬಿಲಿ ಇಪ್ಪದು. 2025 ನವೆಂಬರ 23ಕ್ಕೆ ಇಥಿಯೋಪಿಯಾದ ಹೈಲಿ ಗುಬ್ಬಿ ಒಡದ್ದು, ಮರದಿನ ಕಣ್ಣೂರಿಂದ ಅಬುಧಾಬಿಗೆ ಹೋಪ ವಿಮಾನವ ಅಹಮದಾಬಾದಿಂಗೆ ತಿರುಗ್ಸಿದವು. ಆ ಬೂದಿ ಇರುಳಪ್ಪಗ ಡೆಲ್ಲಿಗೂ ಎತ್ತಿತ್ತು.

ಎಂತಕೆ ಹೇಳಿರೆ, 1982 ಜೂನ್ 24ಕ್ಕೆ ಬ್ರಿಟಿಷ್ ಏರ್‌ವೇಸಿನ ಒಂದು ವಿಮಾನ, ಲಂಡನಿಂದ ಹೆರಟು ಬೊಂಬಾಯಿಲಿಯೂ ನಿಂದಿಕ್ಕಿ ಬಂದದು, ಇಂಡೋನೇಶ್ಯಾದ ಗಲುಂಗುಂಗ್ ಗುಡ್ಡೆಯ ಬೂದಿಯೊಳಂಗೆ ನುಗ್ಗಿತ್ತು. ಇರುಳು, ಎಂತದೂ ಕಾಣ. ನಾಲ್ಕು ಇಂಜಿನೂ ನಿಂದತ್ತು! ಬೂದಿ ಇಂಜಿನಿನ ಬೆಶಿಗೆ ಕರಗಿ, ಬೆಲ್ಲದ ಪಾಕ ಬಾಣಲೆಗೆ ಹಿಡುದ ಹಾಂಗೆ ಒಳ ಹಿಡುದತ್ತು. ವಿಮಾನ ಕೆಳ ಇಳಿವಗ ಅದು ತಣುದು ಒಡದು ಉದುರಿತ್ತು, ಇಂಜಿನು ಪುನಃ ಹಿಡುದತ್ತು. ಜಕಾರ್ತಲ್ಲಿ ಇಳುದವು, ಎಲ್ಲೋರೂ ಒಳುದವು. ಅಂಬಗ ಹಾರದ್ದೇ ಕೂಪದು ಒಳ್ಳೆದಲ್ಲದೋ? ಕೌಂಟರಿಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲೆ. ನಾಲ್ಕು ದಿನ ಹೆಚ್ಚು ನಿಂಬಲೆ ಬೇಕಪ್ಪ ಮದ್ದು ಕೈಚೀಲಲ್ಲೇ ಇರೆಕು. ಪ್ರಯಾಣದ ವಿಮೆ ಟಿಕೇಟಿನೊಟ್ಟಿಂಗೇ ಮಾಡೆಕು. ಗುಡ್ಡೆ ಎದ್ದ ಶುದ್ದಿ ಬಂದಿಕ್ಕಿ ಮಾಡಿರೆ ಅದಕ್ಕೆ ಪೈಸೆ ಸಾಮಾನ್ಯವಾಗಿ ಸಿಕ್ಕುತ್ತಿಲ್ಲೆ.

ಬೂದಿ ಬಿದ್ದತ್ತು ಹೇಳಿ ಆದರೆ ಒಳವೇ ಕೂಪದು, ಬಾಗಿಲಿನ ಸಂದಿಗೆ ಚೆಂಡಿ ವಸ್ತ್ರ ಮಡುಗುದು. ಹೆರ ಹೋಪಲೇಬೇಕಾದರೆ ಎನ್-95 ಮಾಸ್ಕು, ಉದ್ದ ಕೈ ಅಂಗಿ. ಸೀರೆ ಸೆರಗಿಲಿ ಮೂಗು ಮುಚ್ಚಿರೆ ಸಾಲ. ಕಣ್ಣಿಂಗೆ ಲೆನ್ಸು ಹಾಕುವೋರು ಅದರ ತೆಗದು ಕನ್ನಡ್ಕ ಹಾಕೆಕು. ಕಣ್ಣು ತಿಕ್ಕಲಾಗ, ನೀರಿಲಿ ತೊಳೆಕು.

ಮಳೆ ಬಂದರೆ ಬೂದಿ ತೊಳದು ಹೋಕು ಹೇಳಿ ನವಗೆ ಕಾಂಗು. ಅದೇ ತಪ್ಪು ಲೆಕ್ಕ. ಈ ಬೂದಿ ಕರಗುತ್ತಿಲ್ಲೆ, ನೀರು ಕುಡುದು ಭಾರ ಆವುತ್ತು. 1991ರ ಜೂನಿಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಒಡವಗಳೇ ತೂಫಾನಿನ ಮಳೆಯೂ ಬಂದು, ಮಾಡು ಬಿದ್ದೇ ಸುಮಾರು ಜೆನ ಹೋದವು. ಹೊಳೆಕರೆಯೂ ಹಾಂಗೆ. 1985 ನವೆಂಬರಿಲ್ಲಿ ಕೊಲಂಬಿಯಾಲ್ಲಿ ಗುಡ್ಡೆಯ ಬೆಶಿಗೆ ಮಂಜು ಕರಗಿ, ಸಿಮೆಂಟು ಕಲಸಿದ ಹಾಂಗಿಪ್ಪ ಕೆಸರು ಹೊಳೆಲಿ ಬಂದು ಅರ್ಮೇರೊ ಹೇಳ್ತ ಪೇಟೆಯ ಮುಚ್ಚಿತ್ತು. 20 ಸಾವಿರಂದ ಹೆಚ್ಚು ಜೆನ. ಗುಡ್ಡೆ ಒಡದು ಎರಡು ಗಂಟೆ ಕಳುದಿಕ್ಕಿ ಬಂದದದು, ಎತ್ತರಕ್ಕೆ ಹೋಪಲೆ ಹೊತ್ತು ಇತ್ತು, ಹೇಳುವೋರು ಇಲ್ಲದ್ದೆ ಹೋತು. ಬಂಟ್ವಾಳದವಕ್ಕೆ 1974ರ ನೇತ್ರಾವತಿಯ ಬೊಳ್ಳ ನೆಂಪಿಕ್ಕು. ಆ ನೀರಿನ ಬದಲು ಕೆಸರು ಹೇಳಿ ಗ್ರೇಶಿಗೊಳ್ಳಿ.

ಇಷ್ಟೆಲ್ಲ ಹೇಳಿಯಪ್ಪಗ ಕೂಸು ಮೋರೆ ಸಣ್ಣ ಮಾಡಿತ್ತು. ಹೋಗೆಡ ಹೇಳಿ ಆನು ಹೇಳಿದ್ದಿಲ್ಲೆ. ಬಾಲಿಗೆ ಹೋಗಲಿ, ಸಮುದ್ರ ನೋಡಲಿ, ದೇವಸ್ಥಾನ ನೋಡಲಿ. ಬತೂರಿನ ಎದುರು ಕಿಂತಾಮಣಿ ಹೇಳ್ತ ಊರಿದ್ದು, ಅಲ್ಲಿ ಕಾಪಿ ಕುಡ್ಕೊಂಡು ಕೂದರೆ ಇಡೀ ಗುಡ್ಡೆ ಎದುರೇ ಕಾಣ್ತಡ. ಹತ್ತುದು ಅಳಿಯ ಬೇಕಾರೆ ಹತ್ತಲಿ, ಮಟ್ಟ ನೋಡಿಕ್ಕಿ.

“ಅವನೊಬ್ಬನೇ ಹೋಪಲೆ ಆನು ಬಿಡೆಕನ್ನೆ?” ಹೇಳಿ ನೆಗೆ ಮಾಡಿತ್ತು. ಹತ್ತುತ್ತೋ ಇಲ್ಲೆಯೋ ಹೇಳಿದ್ದಿಲ್ಲೆ. ಆದರೆ ದಮ್ಮಿನ ಪಂಪು ಎರಡು ತೆಕ್ಕೊಂಡಿದು, ಒಂದು ಅದರ ಚೀಲಲ್ಲಿ, ಒಂದು ಅಳಿಯನ ಕಿಸೆಲಿ. ಪಾಸುಪೋರ್ಟಿನ ಪ್ರತಿ, ವಿಮೆಯ ನಂಬ್ರ, ಹೋಟೆಲಿನ ಹೆಸರು, ಕಾನ್ಸುಲೇಟಿನ ನಂಬ್ರ ಎಲ್ಲ ಒಂದು ಕಾಗದಲ್ಲಿ ಬರದು ತಂಗೆ ಪಂಚಾಂಗದ ಎಡಕ್ಕಿಲಿ ಮಡುಗಿದ್ದು. ದಿನಕ್ಕೊಂದರಿ, ಇಲ್ಲಿಯಾಣ ಹೊತ್ತೋಪಗ ಆರು ಗಂಟೆಗೆ ಮೆಸೇಜು ಹಾಕುದು ಹೇಳಿ ಮಾತಾಯಿದು. ಅಷ್ಟರವರೆಗೆ ಆರೂ ಫೋನು ಮಾಡಿ ಉಪದ್ರ ಕೊಡ್ಲಾಗ ಹೇಳಿ ಕೂಸಿನ ಕರಾರು. ತಂಗೆ ಒಪ್ಪಿದ್ದು. ಭಾವ ಇನ್ನೂ ಒಪ್ಪಿದ್ದವಿಲ್ಲೆ.