ನೇಯ್ದು ಬಿಚ್ಚಿದವಳು

ಪೆನೆಲೊಪೆ ಎಂದೊಡನೆ ಗಂಡನಿಗಾಗಿ ಇಪ್ಪತ್ತು ವರ್ಷ ಕಾದ ಸಾಧ್ವಿ ಎಂದುಬಿಡುತ್ತಾರೆ. ನನಗೆ ಆ ಹೊಗಳಿಕೆ ಸಾಲದು. ಅವಳ ಜಾಣತನಕ್ಕೆ ಹೆಸರೇ ಸಾಕ್ಷಿ ಹೇಳುವಂತಿದೆ. ಗ್ರೀಕಿನಲ್ಲಿ ‘ಪೇನೆ’ ಅಂದರೆ ಕಂಡಿಕೆಗೆ ಸುತ್ತಿದ ಹೊಕ್ಕಿನ ನೂಲು. ಹೆಸರು ಅಲ್ಲಿಂದ ಬಂತು ಎನ್ನುವವರಿದ್ದಾರೆ. ‘ಪೇನೆಲೊಪ್ಸ್’ ಎಂಬ ಬಾತಿನಿಂದ ಬಂತು ಎನ್ನುವವರೂ ಇದ್ದಾರೆ. ಹಸುಗೂಸಾಗಿದ್ದಾಗ ಕಡಲಿಗೆ ಎಸೆದ ಅವಳನ್ನು ಬಾತುಗಳು ಕಾಪಾಡಿದವು ಎಂದು ಹಳೆಯ ಟೀಕಾಕಾರರು ಕಥೆ ಹೇಳುತ್ತಾರೆ. 1758ರಲ್ಲಿ ನಿಸರ್ಗವಿಜ್ಞಾನಿ ಲಿನೇಯಸ್ ಬಾತೊಂದಕ್ಕೆ ಅವಳ ಹೆಸರಿಟ್ಟ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ವಲಸೆ ಬರುವ ಹಕ್ಕಿ ಅದು. ಗಂಡಿನ ತಲೆ ಕಂದುಗೆಂಪು, ಹಣೆ ತಿಳಿಹಳದಿ. ಬಾತಿನ ಕಥೆ ಚೆಂದವೇ, ಆದರೂ ನನ್ನ ಮನಸ್ಸು ನೂಲಿನ ಕಡೆಗೆ.

ಹೋಮರನ ‘ಒಡಿಸ್ಸಿ’ಯಲ್ಲಿ ಇಥಾಕಾದ ಅರಮನೆಗೆ 108 ಮಂದಿ ವರರು ಮುತ್ತಿಕೊಂಡಿದ್ದಾರೆ. ಮಾವ ಲಾಯೆರ್ಟೀಸನ ಶವವಸ್ತ್ರ ನೇಯ್ದು ಮುಗಿಸಿದ ಮೇಲೆ ಮದುವೆ ಎಂದಳು ಪೆನೆಲೊಪೆ. ಹಗಲು ನೇಯ್ದಳು, ರಾತ್ರಿ ದೀವಟಿಗೆ ಬೆಳಕಿನಲ್ಲಿ ಬಿಚ್ಚಿದಳು. ಅಂಥ ಮಗ್ಗವನ್ನು ನೋಡಬೇಕೆಂದರೆ ಇಟಲಿಯ ಕಿಯೂಸಿ ಮ್ಯೂಸಿಯಂನ ಮಣ್ಣಿನ ಬಟ್ಟಲಿದೆ, ಕ್ರಿ.ಪೂ. 440ರ ಸುಮಾರಿನದು. ಅದರ ಮೇಲಿನ ಚಿತ್ರದಲ್ಲಿ ಮಗ್ಗದ ಮುಂದೆ ತಲೆ ಬಾಗಿಸಿ ಕೂತಿದ್ದಾಳೆ ಪೆನೆಲೊಪೆ. ನೆಟ್ಟಗೆ ನಿಲ್ಲಿಸಿದ ಚೌಕಟ್ಟು, ಮೇಲಿನಿಂದ ಇಳಿಬಿಟ್ಟ ಹಾಸಿನ ಎಳೆಗಳು, ಅವು ಬಿಗಿಯಾಗಿ ನಿಲ್ಲಲು ತುದಿಗೆ ಕಟ್ಟಿದ ಗುಂಡುಗಳು. ಇಂಥ ಮಗ್ಗದಲ್ಲಿ ನಿಂತು, ಅತ್ತಿಂದಿತ್ತ ನಡೆಯುತ್ತ, ಮೇಲಿನಿಂದ ಕೆಳಕ್ಕೆ ನೇಯಬೇಕು. ಬಿಚ್ಚುವಾಗ ಆ ನಡಿಗೆಯೆಲ್ಲ ಮತ್ತೆ. ಹಾಸು ಸಿಕ್ಕಾಗಬಾರದು, ಹೊಕ್ಕು ಹರಿಯಬಾರದು, ಸದ್ದೂ ಆಗಬಾರದು. ಹೀಗೆ ಮೂರು ವರ್ಷ. ನಾಲ್ಕನೆಯ ವರ್ಷ ದಾಸಿಯೊಬ್ಬಳು ಗುಟ್ಟು ಬಯಲು ಮಾಡಿದಳು. ಇದನ್ನು ಬರೀ ತಾಳ್ಮೆ ಅನ್ನಲು ನನಗೆ ಮನಸ್ಸು ಬಾರದು.

ಗಂಡ ಒಡಿಸ್ಯೂಸ್ ಮರಳಿದಾಗಲೂ ಅವಳು ಓಡಿಹೋಗಿ ಅಪ್ಪಲಿಲ್ಲ. ಅವನಿಗೆ ಕೇಳುವಂತೆ, ಮಂಚವನ್ನು ಕೋಣೆಯಿಂದ ಆಚೆ ತಂದು ಹಾಕಲು ಮುದಿದಾಸಿಗೆ ಹೇಳಿದಳು. ಬೇರುಬಿಟ್ಟ ಆಲಿವ್ ಮರದ ಬೊಡ್ಡೆಯನ್ನೇ ಕಾಲಾಗಿ ಕೆತ್ತಿ ಅವನೇ ಮಾಡಿದ ಮಂಚ ಅದು, ಕದಲುವಂಥದ್ದಲ್ಲ. ಅವನು ರೇಗಿ, ಅವರಿಬ್ಬರಿಗೂ ಒಬ್ಬ ದಾಸಿಗೂ ಮಾತ್ರ ಗೊತ್ತಿದ್ದ ಆ ಗುಟ್ಟನ್ನು ಬಾಯಿಬಿಟ್ಟ ಮೇಲೆಯೇ ಅವಳ ಮೊಣಕಾಲು ಸಡಿಲಿದ್ದು, ಕಣ್ಣೀರು ಹರಿದದ್ದು. ಟ್ರಾಯ್ ನಗರವನ್ನೇ ಉಪಾಯದಿಂದ ಗೆದ್ದವನು ಹೆಂಡತಿಯ ಉಪಾಯಕ್ಕೆ ಸಿಕ್ಕಿಬಿದ್ದ.

‘ಒಡಿಸ್ಸಿ’ಯನ್ನು ಸಾಹಸಗಳಿಗಾಗಿ ಓದುವವರು 19 ಮತ್ತು 23ನೆಯ ಪರ್ವಗಳನ್ನು ದಯವಿಟ್ಟು ನಿಧಾನವಾಗಿ ಓದಿ.