ಯಾರ ಮೂಲಕ?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಇದೆ. ಹೆಸರು, ಇಮೇಲು, ಊರು, ಎಷ್ಟು ಬಾಟ್ಲಿ, ಕೊನೆಯ ಕಾಲಮ್ಮಿನಲ್ಲಿ 'ಯಾರ ಮೂಲಕ'. ಸಾಗರದ ಹತ್ತಿರ ನಮ್ಮ ಚಿಕ್ಕಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಯ ಗಿರಾಕಿಗಳ ಪಟ್ಟಿ ಅದು. ಇವತ್ತಿಗೆ 214 ಜನ. 2009ರಿಂದ ಇಷ್ಟೇನಾ ಅಂತ ನಗಬೇಡಿ, ಹೇಳ್ತೀನಿ ಕೇಳಿ.

ಮಿಡಿಯ ವ್ಯಾಪಾರ ಬೇರೆ ವ್ಯಾಪಾರದಂತಲ್ಲ. ಗೊರಟು ಬಲಿಯುವುದರೊಳಗೆ, ತೊಟ್ಟಿನ ಸಮೇತ, ನೆಲಕ್ಕೆ ಬಿದ್ದು ಪೆಟ್ಟಾಗದ ಹಾಗೆ ಕೊಯ್ಯಬೇಕು. ತಂದ ಕೂಡಲೇ ಉಪ್ಪಿಗೆ ಬೀಳಬೇಕು. ಒಳ್ಳೇ ಮಿಡಿ ಸಿಗೋದು ವರ್ಷಕ್ಕೆ ಕೆಲವೇ ವಾರ, ಅದೂ ಎಣಿಕೆ ಲೆಕ್ಕದಲ್ಲಿ, ಕೈಯಲ್ಲಿ ದುಡ್ಡು ಹಿಡಿದು. ಅದು ಉಪ್ಪಲ್ಲಿ ಚಿರುಟಿ, ಸಾಸಿವೆ ಖಾರ ಸೇರಿ, ಬಾಟ್ಲಿಗೆ ಬರುವ ಹೊತ್ತಿಗೆ ಮಳೆ ಹಿಡಿದಿರತ್ತೆ. ಅಂದ್ರೆ ಎಷ್ಟು ಸಾವಿರ ಮಿಡಿ ತಗೋಬೇಕು ಅನ್ನೋದು ಗಿರಾಕಿ ಬರೋದಕ್ಕೆ ತಿಂಗಳುಗಟ್ಟಲೆ ಮೊದಲೇ ಗೊತ್ತಿರಬೇಕು. ಚಿಕ್ಕಮ್ಮನಿಗೆ ಪಟ್ಟಿ ಬೇಕಾಗಿದ್ದು ಜಾಹೀರಾತಿಗಲ್ಲ, ಮಿಡಿ ಎಣಿಸೋದಕ್ಕೆ!

ಮೊದಲ ಹನ್ನೊಂದು ಹೆಸರು ಬೆಂಗಳೂರಿನ ನಮ್ಮ ಆಫೀಸಿನ ಊಟದ ಟೇಬಲ್ಲಿನವು. ಡಬ್ಬಿ ಬಿಚ್ಚಿದರೆ ಜೀರಿಗೆ ಮಿಡಿಯ ಪರಿಮಳಕ್ಕೆ ಪಕ್ಕದವರು ಕತ್ತು ಚಾಚೋರು. ರುಚಿ ನೋಡಿದವರು "ನಂಗೂ ತರಿಸಿಕೊಡು ಮಾರಾಯಾ" ಅಂದ್ರೆ, "ಮುಂದಿನ ಸೀಸನ್ನಿಗೆ ಬರೀಲಾ?" ಅಂತ ಕೇಳಿ ಐಡಿ ಬರ್ಕೊಳ್ಳೋದು. ಆಫೀಸಿನ ಐಡಿ ಬೇಡ, ಸ್ವಂತದ್ದು ಕೊಡಿ ಅಂತ ಮೊದಲಿಂದಲೂ ಹೇಳ್ತೀನಿ, ಕೆಲಸ ಬಿಟ್ಟ ದಿನವೇ ಆ ವಿಳಾಸ ಸತ್ತುಹೋಗತ್ತೆ. ಆಮೇಲಿನದ್ದೆಲ್ಲ ಅದಷ್ಟಕ್ಕೇ ಹಬ್ಬಿದ್ದು. ಒಬ್ಬ ಪುಣೆಯ ಅಕ್ಕನಿಗೆ ಒಯ್ದ, ಆ ಅಕ್ಕ ಮಹಡಿ ಮೇಲಿನ ಮರಾಠಿ ಅಜ್ಜಿಗೆ ಎರಡು ಮಿಡಿ ಕೊಟ್ಟರು, ಆ ಅಜ್ಜಿಯಿಂದ ಮತ್ತೆ ಆರು ಜನ. 'ಯಾರ ಮೂಲಕ' ಕಾಲಮ್ಮಿನಲ್ಲಿ ಅಜ್ಜಿಯ ಹೆಸರು ಆರು ಸಲ ಇದೆ. ಅಜ್ಜಿ ಕಡೆಯವರು ಆರ್ಡರ್ ಕೊಟ್ಟರೆ ತಪ್ಪಿಸಲ್ಲ. ಅದೇ ಬೆಂಗಳೂರಿನ ಒಂದು ಮೇಳದಲ್ಲಿ ಸ್ಟಾಲ್ ಹಾಕಿದ್ದಾಗ ನೋಟ್‌ಬುಕ್ಕಲ್ಲಿ ಬರೆದುಹೋದ ಮೂವತ್ತು ಜನರಲ್ಲಿ ಉಳಿದಿದ್ದು ನಾಲ್ಕು. ಪಕ್ಕದ ಸ್ಟಾಲಿನವರು ಲಕ್ಕಿ ಡ್ರಾ ಅಂತ ಗಾಜಿನ ಬುಟ್ಟಿ ಇಟ್ಟು ರಾಶಿ ವಿಸಿಟಿಂಗ್ ಕಾರ್ಡು ಗುಡ್ಡೆ ಹಾಕಿದ್ರು. ಅವರಿಗೆಲ್ಲ ಬೇಕಿದ್ದಿದ್ದು ಕುಕ್ಕರು, ಪಾಪ :)

ವರ್ಷಕ್ಕೆ ಎರಡೇ ಮೇಲ್. ಮಾರ್ಚಿನಲ್ಲಿ "ಮಿಡಿ ಬಂತು, ಎಷ್ಟು ಬೇಕು?", ಮಳೆಗಾಲದಲ್ಲಿ "ಬಾಟ್ಲಿ ರೆಡಿ". ಎಲ್ಲರ ಐಡಿಯೂ ಬಿಸಿಸಿಯಲ್ಲಿ, ಯಾರ ವಿಳಾಸವೂ ಇನ್ನೊಬ್ಬರಿಗೆ ಕಾಣಬಾರದು. ಜಿಮೇಲಿನ ದಿನಕ್ಕೆ 500 ಜನರ ಮಿತಿ ನಮ್ಮನ್ನ ಯಾವತ್ತೂ ಮುಟ್ಟಿಲ್ಲ. ಬೇಡ ಅಂದವರನ್ನ ಅವತ್ತೇ ತೆಗೀತೀನಿ. ವಾಟ್ಸಾಪಿಗೆ ಬಾ ಅಂತ ತುಂಬಾ ಜನ ಹೇಳಿದ್ರು. ಅಲ್ಲೂ ಬ್ರಾಡ್‌ಕಾಸ್ಟ್ ಮಾಡಿದರೆ ನಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ತಲುಪೋದು. ಅಂದ್ರೆ ಅವರೂ ನಮ್ಮನ್ನ ಬರ್ಕೊಂಡಿರಬೇಕು. ಆ ನಿಯಮ ಮಾಡಿದವರು ಚಿಕ್ಕಮ್ಮನ ಹಾಗೇ ಯೋಚಿಸಿದ್ದಾರೆ ಅನ್ಸತ್ತೆ.

ಯಾಕಂದ್ರೆ ಒಮ್ಮೆ ನೆಂಟರೊಬ್ಬರು ಅವರ ಅಪಾರ್ಟ್‌ಮೆಂಟಿನ ಆರುನೂರು ಮನೆಯವರ ಐಡಿ ಇರೋ ಫೈಲು ಕಳಿಸ್ತೀನಿ ಅಂದಿದ್ರು. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು, "ಅವು ಕೇಳಿದ್ವಾ ತಮಾ?"

ಈಗ ವಿಷಯಕ್ಕೆ ಬರ್ತೀನಿ. ಚಿಕ್ಕಮ್ಮನಿಗೆ ಮಂಡಿನೋವು. ಭರಣಿ ಎತ್ತಿ ಇಳಿಸೋದು ಇನ್ನು ಆಗಲ್ಲ, ಈ ವರ್ಷ ಮನೆಮಟ್ಟಿಗೆ ಮಾತ್ರ ಅಂದುಬಿಟ್ಟಿದ್ದಾರೆ. ಸುದ್ದಿ ಹೇಗೋ ಹಬ್ಬಿ, ಉಪ್ಪಿನಕಾಯಿ ವ್ಯಾಪಾರದವರೊಬ್ಬರು ಫೋನ್ ಮಾಡಿದ್ರು. ಪಟ್ಟಿ ಕೊಟ್ಟರೆ ದುಡ್ಡು ಕೊಡ್ತಾರಂತೆ. ಸಣ್ಣ ಮೊತ್ತ ಅಲ್ಲ, ಚಿಕ್ಕಮ್ಮನ ಮಂಡಿಯ ಖರ್ಚಿನ ಬಹುಪಾಲು ಕಳೆಯುತ್ತಿತ್ತು. ಮನುಷ್ಯ ಕೆಟ್ಟವರೂ ಅಲ್ಲ, ಅವರ ಮಿಡಿ ಚೆನ್ನಾಗೇ ಇರತ್ತೆ.

ಎರಡು ರಾತ್ರಿ ಯೋಚನೆ ಮಾಡಿದೆ. ಡಿಜಿಟಲ್ ದತ್ತಾಂಶ ರಕ್ಷಣೆಗೆ ಅಂತ 2023ರಲ್ಲಿ ಕಾಯ್ದೆಯೇ ಬಂದಿದೆ, ಒಂದು ಉದ್ದೇಶಕ್ಕೆ ಒಪ್ಪಿ ಕೊಟ್ಟ ಮಾಹಿತಿ ಆ ಉದ್ದೇಶಕ್ಕಷ್ಟೇ ಅನ್ನೋದು ಅದರ ತಿರುಳು. ಆದ್ರೆ ನನ್ನ ಕೈ ತಡೆದಿದ್ದು ಕಾಯ್ದೆ ಅಲ್ಲ, ಆ ಕೊನೇ ಕಾಲಮ್ಮು. ಪುಣೆಯ ಅಜ್ಜಿ ಆರು ಜನರ ವಿಳಾಸ ಕೊಟ್ಟಿದ್ದು ಅವರನ್ನೆಲ್ಲ ಕೇಳಿ, ತಮ್ಮ ಹೆಸರಿನ ಮೇಲೆ. ಆ ವ್ಯಾಪಾರದವರ ಮೇಲ್ ಹೋದರೆ 'ಯಾರ ಮೂಲಕ' ಅಂತ ಏನು ಬರೀತಾರೆ? ಅಜ್ಜಿಯ ಹೆಸರನ್ನ ಮಾರೋದಕ್ಕೆ ನಾನು ಯಾರು?

ಚಿಕ್ಕಮ್ಮನ್ನೂ ಕೇಳಿದೆ. ಅವರಿಗೆ ಅದರಲ್ಲಿ ಯೋಚನೆ ಮಾಡೋ ಅಂಥದ್ದೇ ಕಾಣಲಿಲ್ಲ.

ಕೊನೆಗೆ ಹೀಗೆ ಮಾಡಿದ್ವಿ. ಮಾರ್ಚಿನ ಮೇಲ್ ಎಂದಿನಂತೆ ನಾನೇ ಬರೆದೆ. ಚಿಕ್ಕಮ್ಮ ಈ ಸಲ ಹಾಕ್ತಿಲ್ಲ, ಮಂಡಿನೋವು. ಉಪ್ಪಿನಕಾಯಿ ಬೇಕೇ ಬೇಕು ಅನ್ನೋರು ಕೇಳಿದರೆ ನಮಗೆ ಗೊತ್ತಿರೋ ಇನ್ನೊಬ್ಬರ ನಂಬರ್ ಕೊಡ್ತೀನಿ, ಮಾತಾಡೋದು ಬಿಡೋದು ನಿಮಗೆ ಬಿಟ್ಟಿದ್ದು, ನಿಮ್ಮ ವಿಳಾಸ ಯಾರಿಗೂ ಕೊಟ್ಟಿಲ್ಲ ಅಂತ. ವ್ಯಾಪಾರದವರಿಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಬಿಡಿ" ಅಂದ್ರು.

ಇವತ್ತಿಗೆ ಐವತ್ತೆರಡು ಉತ್ತರ ಬಂದಿವೆ. ನಂಬರ್ ಕೇಳಿದವರು ಒಂಬತ್ತು ಜನ. ಉಳಿದವರಲ್ಲಿ ಹೆಚ್ಚಿನವರು ಕೇಳಿರೋದು ಚಿಕ್ಕಮ್ಮನ ಮಂಡಿ ಹೇಗಿದೆ ಅಂತ. ಪುಣೆಯ ಅಜ್ಜಿ ಮೊಮ್ಮಗನ ಕೈಲಿ ಬರೆಸಿದ್ದಾರೆ, ಯಾವುದೋ ಎಣ್ಣೆಯ ಹೆಸರು, ದಿನಕ್ಕೆರಡು ಸಲ ಬಿಸಿ ಮಾಡಿ ಹಚ್ಚಬೇಕಂತೆ. ಚಿಕ್ಕಮ್ಮನಿಗೆ ಓದಿ ಹೇಳಿದ್ದೀನಿ.