ಒಂದೆಲೆನೋ, ಮೂರೆಲೆನೋ?

ಮೊನ್ನೆ ಭಾನುವಾರ ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಾ ಇದ್ದೆ. "ಕರಿಬೇವು ಎಷ್ಟೋ?" ಅಂದ ರೂಮ್‌ಮೇಟು. "ಒಂದೆಲೆ ಸಾಕು" ಅಂದೆ. ಆಸಾಮಿ ನಿಜವಾಗ್ಲೂ ಒಂದೇ ಒಂದು ಚೂರು ಕಿತ್ತು ಹಾಕಿದ!

ತಪ್ಪು ಅವನದ್ದಲ್ಲ ಬಿಡಿ. ನಾವು ಎಸಳು ಅಂತೀವಲ್ಲ, ಆ ಇಡೀ ಕಡ್ಡಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಎಲೆ. ಅದರ ಮೇಲಿರೋ ಚೂರುಗಳು ಬರೀ ಕಿರುಎಲೆಗಳು. ಗುರುತಿಸೋದು ಸುಲಭ. ಎಲೆಯ ತೊಟ್ಟು ಕೊಂಬೆಗೆ ಸೇರೋ ಕಂಕುಳಲ್ಲಿ ಒಂದು ಮೊಗ್ಗು ಇರತ್ತೆ, ಮುಂದೆ ರೆಂಬೆನೋ ಹೂವೋ ಆಗೋದು ಅದೇ. ಕಿರುಎಲೆಯ ಬುಡದಲ್ಲಿ ಅದು ಇರಲ್ಲ. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಒಂದು ಇಫ್ ಕಂಡಿಷನ್, ಅಷ್ಟೇ.

ಈ ರೂಲ್ ಹಿಡ್ಕೊಂಡು ನೋಡಿದ್ರೆ ತೆಂಗಿನ ಗರಿ ಒಂದೇ ಎಲೆ. ನುಗ್ಗೆದು ಒಡೆದು, ಮತ್ತೆ ಒಡೆದು, ಮತ್ತೂ ಒಡೆದ ಒಂದೇ ಎಲೆ. ಆದ್ರೆ ನೆಲ್ಲಿ ಮಾತ್ರ ಸಕತ್ ಮೋಸಗಾರ! ನೋಡೋಕೆ ಹುಣಸೆ ಎಲೆ ಥರಾನೇ, ಉದುರುವಾಗ್ಲೂ ಕಡ್ಡಿ ಸಮೇತ ಉದುರತ್ತೆ. ಆದ್ರೆ ಹೂವು ಬಿಡೋದು ಆ ಸಣ್ಣ ಸಣ್ಣ ಎಲೆಗಳ ಕಂಕುಳಲ್ಲೇ. ಅಂದ್ರೆ ಕಡ್ಡಿ ಒಂದು ರೆಂಬೆ, ಚೂರು ಒಂದೊಂದೂ ಪೂರ್ತಿ ಎಲೆ. ನಂಬಿಕೆ ಬರದಿದ್ರೆ ನೆಲನೆಲ್ಲಿ ಕಿತ್ತು ತಿರುಗಿಸಿ ನೋಡಿ, ಕಡ್ಡಿ ಕೆಳಗೆ ಪುಟ್ಟ ಪುಟ್ಟ ಕಾಯಿ ಸಾಲಾಗಿ ಕೂತಿರತ್ತೆ.

ಈ ಹುಚ್ಚು ಹತ್ತಿದ್ದು ಅಜ್ಜಿಯಿಂದ. ಮೂರು ವರ್ಷದ ಹಿಂದೆ ಊರಲ್ಲಿ ಅಜ್ಜಿ ಮುತ್ತುಗದ ಎಲೆ ಹಚ್ತಾ ಕೂತಿದ್ರು. ಆಗಷ್ಟೇ ಎಲ್ಲೋ ಓದಿದ್ದೆನಲ್ಲ, "ಅಜ್ಜಿ, ಇದು ಮೂರೆಲೆ ಅಲ್ಲ, ಮೂರೂ ಸೇರಿ ಒಂದೆಲೆ" ಅಂತ ಜಂಬ ಕೊಚ್ಚಿದೆ. (ಹಿಂದಿಯವ್ರು "ಢಾಕ್ ಕೆ ತೀನ್ ಪಾತ್" ಅಂತಾರೆ. ಗಾದೆ ಚೆನ್ನಾಗಿದೆ, ಎಣಿಕೆ ತಪ್ಪು.) ಅಜ್ಜಿ ತಲೆ ಎತ್ತಲೂ ಇಲ್ಲ. "ಗೊತ್ತು ಕಣೋ. ಇದು ಎಡಗೈದು, ಇದು ಬಲಗೈದು, ಇದು ನಡುವಿಂದು" ಅಂತ ಮೂರನ್ನೂ ಬಿಡಿಸಿ ನೆಲದ ಮೇಲಿಟ್ರು. ಬಗ್ಗಿ ನೋಡಿದೆ. ಪಕ್ಕದವೆರಡೂ ಸೊಟ್ಟ, ನಡುನರದ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ನಡುವಿಂದು ಮಾತ್ರ ದೊಡ್ಡದು, ಎರಡೂ ಕಡೆ ಸಮ. ಅಜ್ಜಿ ನಡುವಿಂದನ್ನ ಮಧ್ಯಕ್ಕಿಟ್ಟು ಸುತ್ತ ಸೊಟ್ಟವನ್ನ ಜೋಡಿಸಿ ಕಡ್ಡಿ ಚುಚ್ಚೋರು. ನಾನು ಪುಸ್ತಕ ನೋಡಿ ಹೇಳಿದ್ದು ಅವರ ಕೈಗೆ ಮೊದಲೇ ಗೊತ್ತಿತ್ತು.

ಈ ಸಲ ಗೌರಿ ಹಬ್ಬಕ್ಕೆ ಹೋದಾಗ ಅಜ್ಜಿ "ಯಾರಪ್ಪಾ ನೀನು?" ಅಂದ್ರು. ಅಮ್ಮ ಫೋನಲ್ಲಿ ಹೇಳಿದ್ಲು, ಆದ್ರೂ... ಹೆಸರು ಹೇಳಿದೆ. ತಲೆ ಆಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಅದೇ ಕೇಳಿದ್ರು.

ಮಧ್ಯಾಹ್ನ ಹೊಲದ ಬದುವಿಂದ ಒಂದಷ್ಟು ಮುತ್ತುಗ ಕಿತ್ತು ತಂದು, ಎಲ್ಲಾ ಬಿಡಿಸಿ, ಬೆರೆಸಿ, ಅವರ ಮಡಿಲಿಗೆ ಹಾಕಿದೆ. ಪರೀಕ್ಷೆ ಮಾಡ್ತಿದೀನಿ ಅನ್ನಿಸಿ ನಾಚಿಕೆನೂ ಆಯ್ತು. ಅಜ್ಜಿ ಒಂದನ್ನ ಎತ್ಕೊಂಡು ಹೆಬ್ಬೆರಳಲ್ಲಿ ಅಂಚು ಸವರಿ ಎಡಕ್ಕಿಟ್ರು. ಇನ್ನೊಂದು ಬಲಕ್ಕೆ. ಇನ್ನೊಂದು ನಡುವೆ. ಸ್ವಲ್ಪ ಹೊತ್ತಲ್ಲೇ ಮೂರು ಗುಡ್ಡೆ. ಆಮೇಲೆ ನಾನು ಒಂದೊಂದೂ ತಿರುಗಿಸಿ ನೋಡಿದೆ, ಒಂದೂ ತಪ್ಪಿರಲಿಲ್ಲ.

ಹುಳ ತಿಂದಿದ್ದ ಒಂದನ್ನ ನನ್ನ ಕೈಗೆ ವಾಪಸ್ ಕೊಟ್ಟು, "ಊಟಕ್ಕೆ ಎಷ್ಟು ಜನ?" ಅಂತ ಕೇಳಿದ್ರು.

"ನಾಲ್ಕು ಜನ ಅಜ್ಜಿ" ಅಂದು, ಕಡ್ಡಿ ಸೀಳೋಕೆ ಕೂತೆ.